ಹಾಲಿಳಿಸದ ದೊಡ್ಡಮ್ಮನವರ ಸನ್ನಿಧಾನಕ್ಕೆ

ಇವರಿಗೆ,
ಶ್ರೀಮತಿ ದೊಡ್ಡಮ್ಮನವರು,
ಹಿರಿಯ ಆಡು ಹಾಗೂ ಕೊಟ್ಟಿಗೆಯ ಸರ್ವಾಧಿಕಾರಿಗಳು,
ಹಿತ್ತಲು.

ಪ್ರತಿ: ಕೋಳಿಗೂಡಿನ ಹನ್ನೊಂದು ಮಂದಿ ಸದಸ್ಯೆಯರಿಗೂ ಒಬ್ಬ ಹುಂಜನಿಗೂ, ಮಾಹಿತಿಗಾಗಿ.

ಮಾನ್ಯರೇ,

ತಮ್ಮ ಗಡ್ಡಕ್ಕೂ, ಗಡ್ಡದ ತುದಿಗೆ ಈ ಕ್ಷಣದಲ್ಲಿ ನೇತಾಡುತ್ತಿರುವ ನನ್ನ ಬನಿಯನ್ನಿನ ಎಳೆಗೂ ಸವಿನಯ ವಂದನೆಗಳು. ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ; ನಂಬದೆ ವಿಧಿಯಿಲ್ಲ, ಏಕೆಂದರೆ ನನ್ನ ಪಾಲಿನ ಬಾಳೆಹಣ್ಣನ್ನು ತಾವು ಸಿಪ್ಪೆ ಸಮೇತ ಸ್ವೀಕರಿಸಿದ್ದನ್ನು ಬೆಳಿಗ್ಗೆ ಕಣ್ಣಾರೆ ಕಂಡಿದ್ದೇನೆ.

ನೀರು ಸರಬರಾಜು ಕಚೇರಿಯಲ್ಲಿ ಮೂವತ್ತೊಂದು ವರ್ಷ ಸಾರ್ವಜನಿಕರ ದೂರುಗಳಿಗೆ ಉತ್ತರ ಬರೆಯುವುದನ್ನೇ ಕಸುಬು ಮಾಡಿಕೊಂಡು ನಿವೃತ್ತನಾದ ನಾನು, ಸ್ವತಃ ದೂರು ಬರೆಯುತ್ತಿರುವುದು ಇದೇ ಮೊದಲು. ಒಕ್ಕಣೆಯಲ್ಲಿ ಲೋಪವಿದ್ದರೆ ಮನ್ನಿಸಬೇಕು. 'ತಮ್ಮ ದೂರು ಪರಿಶೀಲನೆಯಲ್ಲಿದೆ' ಎಂಬ ಒಂದೇ ಸಾಲಿನಿಂದ ಒಂದು ಇಡೀ ಬಡಾವಣೆಯನ್ನು ಹದಿನಾಲ್ಕು ತಿಂಗಳು ಸುಮ್ಮನಿರಿಸಿದ ನನಗೆ, ತಾವು ಮೆಲುಕು ಹಾಕುತ್ತಾ ನನ್ನನ್ನು ನೋಡುವ ಆ ನೋಟ ತೀರಾ ಪರಿಚಿತವಾದದ್ದು. ಅರ್ಜಿ ಹಿಡಿದು ಬಂದವರನ್ನು ನಾನೂ ಹಾಗೇ ನೋಡುತ್ತಿದ್ದೆ.

ಸಂಗತಿ ತಮಗೆ ತಿಳಿಯದ್ದೇನಲ್ಲ. ಆದರೂ ಇದು ಬಹಿರಂಗ ಪತ್ರ, ಕೊಟ್ಟಿಗೆಯ ಬಾಗಿಲಿಗೆ ಅಂಟಿಸಿದ ಮೇಲೆ ದಾರಿಹೋಕರೂ ಓದಬಹುದು, ಆದ್ದರಿಂದ ಮೊದಲಿನಿಂದ ಹೇಳುತ್ತೇನೆ. ನನ್ನ ಹೆಂಡತಿ ಸೋಮವಾರ ಬೆಳಿಗ್ಗೆ ತಮ್ಮ ಹಾಲನ್ನೂ, ತಮ್ಮ ಹಿಂಬಾಲಕಿಯರಾದ ಚುಕ್ಕಿ ಮತ್ತು ಮೋಟುಕಿವಿಯವರ ಹಾಲನ್ನೂ ಕರೆದು ಮುಗಿಸಿ, ಕೈ ತೊಳೆದು, ಏಳೂವರೆಯ ಬಸ್ಸು ಹತ್ತಿ ತನ್ನ ಅಕ್ಕನ ಮನೆಗೆ ಹೋದಳು. ಮೂವರು ಅಕ್ಕತಂಗಿಯರು ಒಂದೇ ಸೂರಿನಡಿ ಒಂದು ವಾರ ಕಳೆಯುವ ಏರ್ಪಾಡು. ನಮ್ಮ ಹಿತ್ತಲಿಗೆ ತಾವು ದಯಮಾಡಿಸಿ ಆರು ವರ್ಷವಾಯಿತು. ಈ ಆರು ವರ್ಷಗಳಲ್ಲಿ ಆಕೆ ಒಂದೇ ಒಂದು ದಿನವೂ ಹೊರಗೆ ಉಳಿದದ್ದಿಲ್ಲ. ಹೊರಡುವಾಗ ಗೇಟಿನ ಬಳಿ ನಿಂತು, "ಎರಡು ಹೊತ್ತು ಹಾಲು ನಿಂತ್ರೆ ಕೆಚ್ಚಲು ಕಲ್ಲಾಗತ್ತೆ ರೀ, ಬಾವು ಬಂದು ಅವಳು ಹಾಲೇ ಬತ್ತಿಸ್ಕೊಂಡು ಬಿಡ್ತಾಳೆ. ಕೈಲಾಗಲಿಲ್ಲ ಅಂದ್ರೆ ಮುಚ್ಚಿಡಬೇಡಿ, ಫೋನ್ ಮಾಡಿ, ಮುಂದಿನ ಬಸ್ಸಿಗೇ ಬಂದುಬಿಡ್ತೀನಿ" ಎಂದಳು. ಅದಕ್ಕೆ ನಾನು, "ಊರಿಗೆಲ್ಲಾ ನೀರು ಬಿಟ್ಟೋನಿಗೆ ಒಂದು ಆಡಿನ ಹಾಲು ಬಿಡಿಸೋದು ದೊಡ್ಡ ವಿಷಯಾನಾ? ನೀನು ಹೋಗು" ಎಂದೆ. ಈ ಮಾತನ್ನು ತಾವು ಬೇಲಿಯ ಪಕ್ಕದಿಂದ ಕೇಳಿಸಿಕೊಂಡಿರಿ ಎಂಬುದು ನನ್ನ ಬಲವಾದ ಗುಮಾನಿ.

ಏಕೆಂದರೆ ಅಂದು ಸಂಜೆ ತಾವು ಹಾಲು ಕರೆಯುವ ಹಲಗೆಯ ಕಟ್ಟೆಯನ್ನು ಹತ್ತಿದ ಗತ್ತನ್ನು ನಾನು ಯಾವ ಮಂತ್ರಿಯಲ್ಲೂ ಕಂಡಿಲ್ಲ. ಬೂಸಾವನ್ನು ಪೂರ್ತಿ ಮುಗಿಸುವವರೆಗೆ ತಾವು ಅಲುಗಾಡಲಿಲ್ಲ. ಬಿಸಿನೀರಿನಲ್ಲಿ ಕೆಚ್ಚಲು ಒರೆಸಿದ್ದನ್ನೂ ಸಹಿಸಿದಿರಿ. ನಾನು ಪಾತ್ರೆಯಿಟ್ಟು ಹಿಂಡಲು ಶುರು ಮಾಡಿದ ಮೇಲೆಯೇ ತಮ್ಮ ಎಡಗಾಲು ಪಾತ್ರೆಯ ಒಳಗೂ ಬಲಗಾಲು ನನ್ನ ಮೊಣಕಾಲಿನ ಮೇಲೂ ಬಂದದ್ದು, ಅದೂ ಎಷ್ಟು ಕರಾರುವಾಕ್ಕಾಗಿ! ಮೂರನೇ ಸಲ ಪಾತ್ರೆ ತೊಳೆದು ತರುವಷ್ಟರಲ್ಲಿ ತಾವು ಕಟ್ಟೆಯ ಮೇಲೆ ಕಾಲು ಮಡಚಿ ಕುಳಿತೇಬಿಟ್ಟಿದ್ದಿರಿ. ಹಿರಿಯರಾದ ತಾವು ಹಾಲು ಕೊಡುವ ಮುಂಚೆ ಕಿರಿಯರು ಕಟ್ಟೆ ಹತ್ತುವುದು ಶಿಸ್ತಿಗೆ ಭಂಗವೆಂದು ಚುಕ್ಕಿಯವರೂ ಮೋಟುಕಿವಿಯವರೂ ಮೂಲೆಗೆ ಮುಖ ಮಾಡಿ ನಿಂತರು. ನಮ್ಮ ಕಚೇರಿಯಲ್ಲಿ ಇಷ್ಟು ಒಗ್ಗಟ್ಟಿನ ಮುಷ್ಕರ ಒಂದೂ ನಡೆದಿರಲಿಲ್ಲ.

ಮಂಗಳವಾರ ಬೆಳಿಗ್ಗೆ ನಾನು ಕೈಗೊಂಡ ಕ್ರಮಗಳನ್ನು ಚುಟುಕಾಗಿ ನಿವೇದಿಸುತ್ತೇನೆ. ತಮ್ಮ ಬೆನ್ನು ಸವರಿ ತಮ್ಮ ರೂಪವನ್ನು ಹೊಗಳಿದೆ. ರೇಡಿಯೊ ಹಾಕಿದೆ, ತಾವು ಅದರ ತಂತಿಯನ್ನು ಅಗಿದಿರಿ. ದಿನಪತ್ರಿಕೆಯ ಮುಖಪುಟವನ್ನು ಸ್ಪಷ್ಟ ಉಚ್ಚಾರಣೆಯಲ್ಲಿ ಓದಿದೆ; ಹವಾಮಾನ ವರದಿಗೆ ಬರುವಷ್ಟರಲ್ಲಿ ತಮಗೆ ತೂಕಡಿಕೆ ಬಂತು. ಕೆಚ್ಚಲು ಅಷ್ಟರಲ್ಲಿ ಬಿಗಿದು ಬಿಸಿಯಾಗತೊಡಗಿತ್ತು. ಫೋನನ್ನು ಜೇಬಿನಿಂದ ತೆಗೆದೂ ಆಗಿತ್ತು. ಅಕ್ಕನ ಮನೆಯಲ್ಲಿ ಒಂದು ದಿನವೂ ಪೂರ್ತಿ ಕಳೆಯದ ನನ್ನ ಹೆಂಡತಿ ಚೀಲ ಹಿಡಿದು ಬಸ್‌ಸ್ಟ್ಯಾಂಡಿನಲ್ಲಿ ನಿಂತಿರುವುದು ಕಣ್ಣಿಗೆ ಕಟ್ಟುತ್ತಿತ್ತು.

ಆಗ ಬಂದವರು ಪಕ್ಕದ ಮನೆಯ ಟೈಲರಮ್ಮ, ದಿನನಿತ್ಯದ ಚಹಾದ ಹಾಲಿಗೆಂದು ಗಿಂಡಿ ಹಿಡಿದುಕೊಂಡು. ನನ್ನ ಅವಸ್ಥೆಯನ್ನು ಬಾಗಿಲಲ್ಲೇ ನಿಂತು ಸಾಕಷ್ಟು ಆನಂದಿಸಿದ ಮೇಲೆ, "ಅಣ್ಣಾ, ಬರೀ ಕೈ ಆಡಿಸಿದ್ರೆ ಬಿಡಲ್ಲ ಅವಳು. ಅತ್ತಿಗೆ ಹಾಲು ಕರೆಯೋವಾಗ ಮಾತಾಡ್ತಾ ಇರ್ತಾರೆ" ಎಂದರು. ಏನು ಮಾತು ಎಂದೆ. ಆಕೆ ಗಿಂಡಿಯ ತಳವನ್ನು ಬಹಳ ಹೊತ್ತು ಪರೀಕ್ಷಿಸಿ, "ನಿಮ್ಮ ಬಗ್ಗೇನೇ. ಒಳ್ಳೇದೇನೂ ಅಲ್ಲ ಬಿಡಿ" ಎಂದರು. ಅವರ ಮನೆಯ ಕಿಟಕಿಗೆ ಎಲ್ಲವೂ ಕೇಳಿಸುತ್ತದೆಂದೂ, ಮೆಷಿನ್ನಿನ ಸದ್ದು ಅಡ್ಡ ಬಾರದಿರಲೆಂದು ಗುಂಡಿ ಹೊಲಿಯುವ ಕೆಲಸವನ್ನೆಲ್ಲ ಆ ಹೊತ್ತಿಗೇ ಇಟ್ಟುಕೊಳ್ಳುತ್ತಾರೆಂದೂ ಸಂಕೋಚವಿಲ್ಲದೆ ತಿಳಿಸಿದರು. ಜಗಲಿಯಲ್ಲಿ ಪತ್ರಿಕೆ ಹಿಡಿದು ಕೂತ ನಾನು ಆರು ವರ್ಷ ಅದನ್ನು ಹಾಡು ಎಂದುಕೊಂಡಿದ್ದೆ. ಪಾಪ, ಖುಷಿಯಾಗಿ ಗುನುಗುತ್ತಿದ್ದಾಳೆ ಎಂದು ಬಂದವರಿಗೂ ಹೇಳಿದ್ದೆ.

ಮಾನ್ಯರೇ, ಮನುಷ್ಯನಿಗೆ ಮಾನ ದೊಡ್ಡದೋ ಹಾಲು ದೊಡ್ಡದೋ ಎಂಬ ಪ್ರಶ್ನೆಗೆ ನಾನು ಅಲ್ಲೇ, ಟೈಲರಮ್ಮನ ಎದುರೇ, ಉತ್ತರ ಕಂಡುಕೊಂಡೆ. ಕಣ್ಣು ಮುಚ್ಚಿ, ನನ್ನ ಹೆಂಡತಿಯ ದನಿಯನ್ನು ನೆನೆದು, "ಮೂವತ್ತೊಂದು ವರ್ಷ ನೀರಿನ ಆಫೀಸಲ್ಲಿ ಇದ್ರು, ಅಡುಗೆಮನೆ ನಲ್ಲಿ ನಾಲ್ಕು ವರ್ಷದಿಂದ ತೊಟ್ಟಿಕ್ತಾ ಇದೆ" ಎಂದೆ. ತಮ್ಮ ಕಿವಿ ನಿಮಿರಿತು. "ಕೇಳಿದ್ರೆ ಪರಿಶೀಲನೆಯಲ್ಲಿದೆ ಅಂತಾರೆ" ಎಂದೆ. ತಾವು ಎದ್ದು ನಿಂತಿರಿ, ಕಾಲು ಅಗಲಿಸಿದಿರಿ, ಮರುಕ್ಷಣ ಪಾತ್ರೆಯ ತಳಕ್ಕೆ ಹಾಲು ಚುರ್ರೆಂದು ಬಡಿಯಿತು. ಆ ಸದ್ದಿಗೆ ನಾನು ಕುಣಿಯಲಿಲ್ಲವೆಂದರೆ ಅದಕ್ಕೆ ಎರಡೂ ಕೈ ಕೆಲಸದಲ್ಲಿದ್ದದ್ದೇ ಕಾರಣ.

ಅಂದಿನಿಂದ ನನ್ನ ತಪ್ಪುಗಳ ಬಗ್ಗೆ ತಾವು ತೋರಿಸುತ್ತಿರುವ ಶ್ರದ್ಧೆಯನ್ನು ಎಷ್ಟು ಕೊಂಡಾಡಿದರೂ ಸಾಲದು. ಕೋಳಿಗಳು ಇಟ್ಟ ಮೊಟ್ಟೆಗಳ ಮೇಲೆ ಪೆನ್ಸಿಲಿನಲ್ಲಿ ಕ್ರಮಸಂಖ್ಯೆ ಬರೆದು, ಹತ್ತೊಂಬತ್ತಕ್ಕೆ ಮುಂಚೆ ಇಪ್ಪತ್ತೊಂದನ್ನು ಹೆಂಡತಿ ಬೇಯಿಸಿದಳೆಂದು ನಾನು ಊಟ ಬಿಟ್ಟು ಎದ್ದ ಸಂಗತಿಗೆ ಅರ್ಧ ಪಾತ್ರೆ ದಯಪಾಲಿಸಿದಿರಿ. ಕೋಳಿಗೂಡಿನ ಬಾಗಿಲಿಗೆ ನನ್ನ ಹೊರತು ಯಾರಿಗೂ ಬಿಚ್ಚಲಾಗದ ಗಂಟು ಹಾಕಿ ನಾನು ಪೇಟೆಗೆ ಹೋಗಿಬಿಟ್ಟದ್ದಕ್ಕೆ ಮುಕ್ಕಾಲು. ನೆಂಟರ ಮುಂದೆ ಎದೆಯುಬ್ಬಿಸಿ "ನಾವು ಆಡು ಸಾಕಿದ್ದೀವಿ" ಎನ್ನುತ್ತಿದ್ದದ್ದನ್ನು ಹೇಳಿದ ದಿನವಂತೂ ಚುಕ್ಕಿಯವರೂ ಮೋಟುಕಿವಿಯವರೂ ಸರದಿ ಮುರಿದು ಕಟ್ಟೆಗೆ ನುಗ್ಗಿದರು. ಸುದ್ದಿ ಹಬ್ಬಿ, ಕೋಳಿಗಳೂ ಹೊತ್ತಿಗೆ ಸರಿಯಾಗಿ ಬಂದು ತೊಲೆಯ ಮೇಲೆ ಸಾಲಾಗಿ ಕೂರುತ್ತಿವೆ. ಕಾವಿಗೆ ಕೂತ ಕೆಂಪು ಕೋಳಿ, ಮೇವಿಗೂ ಎದ್ದು ಬಾರದವಳು, ನನ್ನ ತಪ್ಪು ಕೇಳಲು ಎದ್ದು ಬರುತ್ತಾಳೆ. ಪ್ರತಿ ತಪ್ಪಿನ ಕೊನೆಗೆ ಹುಂಜ ಕೂಗುತ್ತಾನೆ. ಪಕ್ಕದ ಕಿಟಕಿಯಲ್ಲಿ ಮೆಷಿನ್ನು ನಿಂತಿರುತ್ತದೆ.

ಗುರುವಾರ ಸಂಜೆಯ ಹೊತ್ತಿಗೆ ನನ್ನ ದಾಸ್ತಾನು ತಳ ಕಂಡಿತು. ಆಗ ನಾನೊಂದು ಅಡ್ಡದಾರಿ ಹಿಡಿದೆ; ಅದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಕುಡಿದು ಬಂದು ಪಾತ್ರೆ ಎಸೆದೆನೆಂದೂ, ಇಸ್ಪೀಟಿನಲ್ಲಿ ಆಕೆಯ ಬಳೆ ಕಳೆದೆನೆಂದೂ ಇಲ್ಲಸಲ್ಲದ್ದನ್ನು ಕಟ್ಟಿ ಹೇಳಿದೆ. ತಾವು ಕತ್ತು ತಿರುಗಿಸಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಅಷ್ಟೆಲ್ಲ ನಿನ್ನ ಕೈಲಾಗುವುದಿಲ್ಲ ಎಂಬಂತೆ ಸೀನಿ, ಕುಳಿತುಬಿಟ್ಟಿರಿ. ದಾಖಲೆ ಪರಿಶೀಲನೆಯಲ್ಲಿ ತಮ್ಮಷ್ಟು ಕಟ್ಟುನಿಟ್ಟಿನವರು ನಮ್ಮ ಕಚೇರಿಯಲ್ಲಿ ಒಬ್ಬರಿದ್ದರೂ ಊರಿಗೆ ಎಂದೋ ನೀರು ಬಂದಿರುತ್ತಿತ್ತು.

ಆ ಸಂಜೆ ಸ್ಟೂಲನ್ನು ತಮ್ಮ ಹತ್ತಿರಕ್ಕೆ ಎಳೆದುಕೊಂಡು ಕುಳಿತೆ. ಆಮೇಲೆ, ಹೇಳಬಾರದೆಂದುಕೊಂಡಿದ್ದದ್ದು ತಾನಾಗಿ ಬಾಯಿಗೆ ಬಂತು. ಆಡು ಸಾಕೋಣ, ಶಾಂತವಾಗಿ ಬದುಕೋಣ ಎಂದವನು ನಾನು. ಹಾಲು ಕರೆಯುವುದನ್ನು ಕಲಿಯದೆ ಉಳಿದವನೂ ನಾನೇ. ಮೂರು ವರ್ಷದ ಹಿಂದೆ ಅವಳ ತಂಗಿಗೆ ಮಗುವಾಯಿತು. ಬೆಳಿಗ್ಗೆ ತಮ್ಮ ಹಾಲು ಕರೆದು ಬಸ್ಸು ಹತ್ತಿದಳು, ನಾಲ್ಕು ಗಂಟೆ ಪ್ರಯಾಣ ಮಾಡಿದಳು, ಒಂದು ಗಂಟೆ ಮಗುವನ್ನು ಎತ್ತಿಕೊಂಡಳು, ತಮ್ಮ ಸಂಜೆಯ ಹಾಲಿನ ಹೊತ್ತು ತಪ್ಪಬಾರದೆಂದು ಮತ್ತೆ ನಾಲ್ಕು ಗಂಟೆ ಬಸ್ಸಿನಲ್ಲಿ ಬಂದಳು. ಗೇಟು ತೆಗೆದು ಒಳಗೆ ಬಂದವಳನ್ನು ನೋಡಿ ನಾನು ಹೇಳಿದ್ದು, "ಇಷ್ಟು ಬೇಗ ಬಂದ್ಯಾ? ಒಳ್ಳೇದಾಯ್ತು, ಟೀ ಇಡು."

ಮಗು ಹೇಗಿದೆ ಎಂದು ನಾನು ಕೇಳಲಿಲ್ಲ. ಈ ಮಾತನ್ನು ಹೇಳುವಾಗ ನನಗೆ ನಾಚಿಕೆಯಾಯಿತು, ಮಾನ್ಯರೇ, ಅಳುವೂ ಬಂತು. ಅಂದು ಪಾತ್ರೆ ತುಂಬಿ ಗಿಂಡಿಯೂ ತುಂಬಿತು. ಹುಂಜ ಕೂಗಲಿಲ್ಲ. ಟೈಲರಮ್ಮ ತಮ್ಮ ಕಿಟಕಿಯನ್ನು ಮೆಲ್ಲಗೆ ಮುಚ್ಚಿಕೊಂಡರು.

ಆ ತುಂಬಿದ ಪಾತ್ರೆಯ ಧೈರ್ಯದಿಂದ ನಿನ್ನೆಯ ದಿನವನ್ನೂ ಇಂದಿನ ಬೆಳಗನ್ನೂ ಚಿಲ್ಲರೆ ತಪ್ಪುಗಳಲ್ಲೇ ದಾಟಿಸಿದೆ. ಕೊನೆಯದು, ಆಕೆಯ ಹೂಕುಂಡಕ್ಕೆ ಪಾದರಕ್ಷೆ ಒರೆಸಿದ್ದು. ಇಂದು ಶನಿವಾರ, ಸೋಮವಾರ ಆಕೆ ಬರುತ್ತಾಳೆ, ಅಲ್ಲಿಯವರೆಗೆ ಹೇಗೋ ತೂಗಿಸಬಹುದೆಂದು ಲೆಕ್ಕ ಹಾಕುತ್ತಿರುವಾಗ ಮಧ್ಯಾಹ್ನ ಫೋನ್ ಬಂತು. ಹಿಂದೆ ಯಾರೋ ಬಿದ್ದು ಬಿದ್ದು ನಗುತ್ತಿದ್ದರು. ಆ ಮೂವರ ನಗೆಯಲ್ಲಿ ನನ್ನ ಹೆಂಡತಿಯದು ಯಾವುದೆಂದು ಗುರುತು ಹಿಡಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. "ರೀ, ಅಕ್ಕ ಇನ್ನೂ ನಾಲ್ಕು ದಿನ ಇರು ಅಂತಿದಾಳೆ. ನಿಮಗೆ ಕಷ್ಟ ಆಗತ್ತೆ ಅಲ್ವಾ? ಬಂದುಬಿಡ್ತೀನಿ ಬಿಡಿ" ಎಂದಳು. "ಇರು, ಆರಾಮಾಗಿ ಇರು. ದೊಡ್ಡಮ್ಮ ಹೊಳೆ ಹರಿಸ್ತಿದ್ದಾಳೆ" ಎಂದೆ. ಹೇಳಿ ಫೋನಿಟ್ಟ ಮೇಲೆ ಉಳಿದ ತಪ್ಪುಗಳನ್ನು ಬೆರಳಲ್ಲಿ ಎಣಿಸಿದೆ; ಒಂದು ಕೈಯೂ ತುಂಬಲಿಲ್ಲ.

ಆದ್ದರಿಂದ ಈ ಮನವಿ. ತಾವು ದೊಡ್ಡ ಮನಸ್ಸು ಮಾಡಿ, ಒಮ್ಮೆ ಹೇಳಿದ ತಪ್ಪುಗಳನ್ನೇ ಎರಡನೇ ಸಲವೂ ಹೊಸದಾಗಿ ಕೇಳಿದಂತೆ ಕೇಳಿಸಿಕೊಳ್ಳಬೇಕು. ಅದು ನಿಯಮಕ್ಕೆ ವಿರುದ್ಧವೆನಿಸಿದರೆ, ನಾನು ಮುಂದಿನ ವರ್ಷ ಮಾಡಲಿರುವ ತಪ್ಪುಗಳ ಮೇಲೆ ಈಗಲೇ ಮುಂಗಡವಾಗಿ ಹಾಲು ಮಂಜೂರು ಮಾಡಬೇಕು. ಟೈಲರಮ್ಮ ತಮ್ಮ ಗಂಡನ ತಪ್ಪುಗಳನ್ನು ಎಷ್ಟು ಬೇಕಾದರೂ ಎರವಲು ಕೊಡುತ್ತೇನೆಂದು ಉದಾರವಾಗಿ ಮುಂದೆ ಬಂದಿದ್ದಾರೆ, ಅವನ್ನು ನನ್ನವೆಂದೇ ಭಾವಿಸಲು ತಮ್ಮ ಮನಸ್ಸಾಕ್ಷಿ ಒಪ್ಪೀತೇ ಎಂದೂ ತಿಳಿಸಬೇಕು. ಇದಾವುದೂ ಆಗದೆಂದರೆ ತಾವು ಇಂದು ಸಂಜೆಯೊಳಗೆ ತಮ್ಮ ಹಾಲನ್ನು ತಾವೇ ಕರೆದುಕೊಳ್ಳುವುದನ್ನು ಕಲಿಯಬೇಕೆಂದು ಕೈಮುಗಿದು ಕೇಳುತ್ತೇನೆ. ನಾನು ಆರು ವರ್ಷದಲ್ಲಿ ಕಲಿಯದ್ದನ್ನು ನಾಲ್ಕು ದಿನದಲ್ಲಿ ಕಲಿತಿದ್ದೇನೆ, ತಮಗೆ ಅದೇನು ದೊಡ್ಡ ವಿಷಯ? ಆಕೆ ಇನ್ನೂ ನಾಲ್ಕು ದಿನ ನಗಬೇಕು. ಅದಕ್ಕಿಂತ ಹೆಚ್ಚಿನದೇನನ್ನೂ ನಾನು ಕೇಳುತ್ತಿಲ್ಲ.

ಉತ್ತರವನ್ನು ಕಾಲಿನ ಮೂಲಕ ಕಳುಹಿಸಬಾರದಾಗಿ ಕೋರುತ್ತಾ,

ಎಡಮೊಣಕಾಲು ಊದಿಸಿಕೊಂಡೂ ತಮ್ಮಲ್ಲಿ ನಂಬಿಕೆ ಕಳೆದುಕೊಳ್ಳದ
ತಮ್ಮ ವಿಶ್ವಾಸಿ,
ಜಗಲಿಯ ಮಾಜಿ ನಿವಾಸಿ

ತಾ.ಕ.: ಮೇಲಿನ ಮನವಿಗಳನ್ನೆಲ್ಲ ಹಿಂತೆಗೆದುಕೊಂಡಿದ್ದೇನೆ. ಪತ್ರಕ್ಕೆ ಅಂಟು ಹಚ್ಚುತ್ತಿರುವಾಗ ಮತ್ತೆ ಫೋನ್ ಬಂತು. ಟೈಲರಮ್ಮ ನನ್ನ ಹೆಂಡತಿಗೆ ಒಂದೂ ಬಿಡದೆ ವರದಿ ಒಪ್ಪಿಸಿದ್ದಾರೆ. "ಆ ಬಸ್ಸಿನ ದಿನದ್ದೂ ಹೇಳಿದಿರಂತೆ" ಎಂದಳು. ಹೂಂ ಎಂದೆ. ಆಮೇಲೆ, "ಪೆನ್ನು ತಗೊಳ್ಳಿ. ದೊಡ್ಡಮ್ಮನಿಗೂ ಹೇಳದೆ ಇಟ್ಕೊಂಡಿರೋ ನಿಮ್ಮ ತಪ್ಪುಗಳು ಒಂದಷ್ಟಿವೆ" ಎಂದಳು. ಆಕೆ ನೀರು ಕುಡಿದು ಬರುತ್ತೇನೆಂದು ಹೋಗಿರುವ ಈ ಬಿಡುವಿನಲ್ಲಿ ಇದನ್ನು ಬರೆಯುತ್ತಿದ್ದೇನೆ. ಎರಡು ಹಾಳೆ ತುಂಬಿವೆ, ಇನ್ನೂ ಮದುವೆಯಾದ ಮೊದಲ ವರ್ಷವೇ ಮುಗಿದಿಲ್ಲ. ಸಂಜೆ ದೊಡ್ಡ ಪಾತ್ರೆ ತರುತ್ತೇನೆ.