ಗೋಡೆಯಾಚೆಗೂ ಕೇಳುವ ಪ್ರಾರ್ಥನೆ

ದೇವರ ಮುಂದೆ ಗಂಡನ ಮೇಲೆ ದೂರು ಹೇಳುವ ಹೆಂಡತಿಯರು ಎಲ್ಲ ಮತಗಳಲ್ಲೂ ಇದ್ದಾರೆಂದು ನನ್ನ ನಂಬಿಕೆ. ಉಳಿದವರು ಅದನ್ನು ಮನಸ್ಸಿನಲ್ಲೇ ಹೇಳಿಕೊಳ್ಳಬಹುದು. ನಾವು ಕ್ರೈಸ್ತರು, ಊಟಕ್ಕೆ ಮೊದಲು ಬಾಯಿಬಿಟ್ಟು ಪ್ರಾರ್ಥಿಸುವವರು. ಅದರಲ್ಲೂ ನನ್ನ ಹೆಂಡತಿ ಸುಗುಣಾಳದು ಚರ್ಚಿನ ಮೈಕು ಕೆಟ್ಟರೂ ಕೊನೆಯ ಬೆಂಚಿಗೆ ಮುಟ್ಟುವ ದನಿ. ಗಂಗಾವತಿಯ ನಮ್ಮ ಬಾಡಿಗೆ ಮನೆಗೂ ಪಕ್ಕದ ಗೌರಮ್ಮನವರ ಮನೆಗೂ ನಡುವೆ ಇರುವುದು ಒಂದೇ ತೆಳ್ಳಗಿನ ಗೋಡೆ. “ಕರ್ತನೇ, ಇವ್ರಿಗೆ ಸಿಟ್ಟು ಭಾಳ ಐತಿ. ನಾ ಹೇಳಿ ಹೇಳಿ ಸಾಕಾಗೇನಿ, ಇನ್ನ ನೀನ ಹೇಳು. ಹಸಿ ಟವೆಲ್ ಹಾಸಿಗಿ ಮ್ಯಾಲ ಒಗಿಯೋದನ್ನೂ ಬಿಡಸು” ಎಂದು ಇವಳು ಸಂಜೆ ಮೊರೆಯಿಟ್ಟರೆ, ಮರುದಿನ ಕಾರಟಗಿಯ ಶಾಲೆಗೆ ಪಾಠ ಹೇಳಲು ಹೊರಟ ನನ್ನನ್ನು ಗೌರಮ್ಮ ತಡೆದು, “ಏನ್ರಿ ಮಾಸ್ತರ, ಟವೆಲ್ ಒಣಗಿ ಹಾಕೀರಿಲ್ಲೋ?” ಎನ್ನುವರು. ಹಣೆತುಂಬ ವಿಭೂತಿ ಧರಿಸುವ ಶಿವಭಕ್ತೆ ಅವರು. ಆದರೂ ನಮ್ಮ ಮನೆಯ ಅಹವಾಲುಗಳನ್ನು ವಿಚಾರಿಸುವುದರಲ್ಲಿ ದೇವರಿಗಿಂತ ಒಂದು ಹೆಜ್ಜೆ ಮುಂದು.

ಹೀಗಿರುವಾಗ ಸುಗುಣಾಳ ಗಂಟಲು ಕಟ್ಟಿತು. ಕಷಾಯಕ್ಕೆ ಬಗ್ಗಲಿಲ್ಲ. ಕೊಪ್ಪಳದಲ್ಲಿ ತೋರಿಸಿದಾಗ ದನಿ ಹೊರಡುವ ಜಾಗದಲ್ಲೇ ಗಂಟಿದೆ ಎಂದರು. ಅದನ್ನು ತೆಗೆದದ್ದೂ ಆಯಿತು, ಅದು ಕ್ಯಾನ್ಸರ್ ಅಲ್ಲ ಎಂದು ತಿಳಿದು ನಾವು ಉಸಿರುಬಿಟ್ಟದ್ದೂ ಆಯಿತು. ಆದರೆ ಡಾಕ್ಟರು, “ನಾ ಹೇಳೋತನಕ ಒಂದ ಮಾತೂ ಆಡಬ್ಯಾಡ್ರಿ. ದನಿ ಮೊದಲಿನಂಗ ಬರ್ತೈತೋ ಇಲ್ಲೋ, ಈಗ ಹೇಳಾಕ ಆಗಂಗಿಲ್ಲ” ಎಂದುಬಿಟ್ಟರು. ಇವಳು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಳು.

ಮನೆಗೆ ಬಂದ ಸಂಜೆ ಊಟಕ್ಕೆ ಕುಳಿತೆವು. ಸುಗುಣಾ ಕೈಮುಗಿದು ನನ್ನತ್ತ ನೋಡಿದಳು. ದಿನವಿಡೀ ಮಕ್ಕಳ ಮುಂದೆ ಒದರುವ ನನಗೆ ದೇವರ ಮುಂದೆ ನಾಲಿಗೆ ಏಳಲಿಲ್ಲ. “ಕರ್ತನೇ, ಅನ್ನಕ್ಕಾಗಿ ಸ್ತೋತ್ರ, ಆಮೆನ್” ಎಂದು ಮುಗಿಸಿದೆ. ಖಾಲಿ ಉತ್ತರಪತ್ರಿಕೆ ಕೊಟ್ಟ ಹುಡುಗನನ್ನು ನಾನು ಹೇಗೆ ನೋಡುತ್ತೇನೋ, ಹಾಗೆ ನೋಡಿದಳು.

ಮರುದಿನ ಸಂಜೆ ನಾವು ಊಟಕ್ಕೆ ಕುಳಿತಾಗ ಗೌರಮ್ಮ ರೊಟ್ಟಿ, ಪುಂಡಿಪಲ್ಯ ಹಿಡಿದುಕೊಂಡು ಬಂದರು. “ನಿನ್ನಿ ಪ್ರಾರ್ಥನಾ ಏನ್ರಿ ಅಷ್ಟ ಲಗೂ ಮುಗೀತು? ನನ್ನ ಹೆಸರ ಬರಲಿಲ್ಲ!”

“ನಿಮ್ಮ ಹೆಸರಾ?”

“ಮತ್ತ? ಸುಗುಣವ್ವ ದಿನಾ ನನ್ನ ಮೊಣಕಾಲ ನೋವಿಗೆ ಕೇಳ್ಕೊಂತಾಳ. ಆಮ್ಯಾಲ ಹಾಲಿನ ಹುಸೇನಣ್ಣನ ಎಮ್ಮಿ. ಕಡೀಕ ನಿಮ್ದು.”

“ನನ್ನ ಸಿಟ್ಟಿಂದಾ?”

“ಅದು ಮೊದಲಿಗೇ ಆಗಿರತೈತಿ. ಕಡೀಕ, ಇಂಥಾ ಗಂಡನ್ನ ಕೊಟ್ಟೀದಿ, ನಿನಗ ಸ್ತೋತ್ರ ಅಂತ ಹೇಳಿ ಆಮೆನ್ ಅಂತಾಳ. ಬಾಜೂಕ ಕುಂತವರು ನೀವು, ಕೇಳಿಲ್ಲೇನು?”

ಕೇಳಿರಲಿಲ್ಲ. ನನ್ನ ಮೇಲಿನ ದೂರು ಮುಗಿದ ಕೂಡಲೇ ನನ್ನ ಗಮನವೆಲ್ಲ ಸಾರಿನ ಘಮಕ್ಕೆ ಹೋಗುತ್ತಿತ್ತು. ಸುಗುಣಾಳನ್ನು ನೋಡಿದೆ. ತಲೆತಗ್ಗಿಸಿ ರೊಟ್ಟಿಯ ಅಂಚು ಮುರಿಯುತ್ತಿದ್ದಳು, ಕಿವಿ ಕೆಂಪಾಗಿತ್ತು. ಪ್ರೀತಿಯ ಮೇಲೆ ಚರ್ಚಿನಲ್ಲಿ ಎಷ್ಟೋ ಪ್ರಸಂಗಗಳನ್ನು ಕೇಳಿದ್ದೇನೆ, ತಲೆಯಾಡಿಸಿದ್ದೇನೆ. ನನ್ನದೇ ಮನೆಯಲ್ಲಿ, ನನ್ನದೇ ಊಟದ ತಟ್ಟೆಯ ಮುಂದೆ ಅದು ದಿನವೂ ಗಟ್ಟಿದನಿಯಲ್ಲಿ ನಡೆದಿತ್ತು. ಕಣ್ಣು ಮುಚ್ಚಿದೆ. ಈ ಸಲ ಮಾತುಗಳು ಬಂದವು, ತಡವರಿಸುತ್ತ. ನಡುವೆ ಗೌರಮ್ಮ, “ಎಮ್ಮಿ ಬಿಟ್ರಿ ನೋಡ್ರಿ” ಎಂದು ನೆನಪಿಸಿದರು.

ಅಂದಿನಿಂದ ಪ್ರಾರ್ಥನೆ ನನ್ನ ಪಾಲಿಗೆ ಬಂತು. ರುಚಿಯೂ ಹತ್ತಿತು. ಕೊನೆಗೆ ಡಾಕ್ಟರು ಮೆಲ್ಲಗೆ ಮಾತಾಡಬಹುದೆಂದರು. ಆದರೆ ಸುಗುಣಾ ಬಾಯಿ ತೆರೆಯಲಿಲ್ಲ. ತೆರೆದರೆ ಏನೂ ಬರದಿದ್ದರೆ ಎಂಬ ಹೆದರಿಕೆ ಅವಳ ಕಣ್ಣಲ್ಲಿತ್ತು, ನನ್ನಲ್ಲೂ ಇತ್ತು. ಆ ಸಂಜೆ ಹೆದರಿಕೆ ಮುಚ್ಚಿಕೊಳ್ಳಲೆಂದೇ ನಾನು ಪ್ರಾರ್ಥನೆಯನ್ನು ಎಳೆದೆ. ಗಂಗಾವತಿಯ ಜನರಿಗೆಲ್ಲ ಬೇಡಿ ಮುಗಿಸಿ ಕುಷ್ಟಗಿಯವರಿಗೆ ಹೋದೆ. ಯಲಬುರ್ಗಾದ ಮಳೆಬೆಳೆಗೆ ಬಂದಿದ್ದೆ. ಪಕ್ಕದಿಂದ ಮರಳು ಜರಡಿ ಹಿಡಿದಂಥ ಒಂದು ದನಿ ಕೇಳಿತು: “ಆಮೆನ್ ಅನ್ರಿ ಸಾಕು, ಅನ್ನ ಆರಾಕತ್ತೈತಿ.”

ಗೋಡೆಯಾಚೆಯಿಂದ ಗೌರಮ್ಮ, “ಬಂತವ್ವಾ ದನಿ!” ಎಂದು ಕೂಗಿದರು. ಸುಗುಣಾ ನಕ್ಕಳು, ಅತ್ತಳು. ನಾನು ಆಮೆನ್ ಅನ್ನುವುದನ್ನೂ ಮರೆತು ಅವಳನ್ನೇ ನೋಡುತ್ತ ಕುಳಿತೆ. ದೇವರು ನನ್ನ ಪ್ರಾರ್ಥನೆಗೆ ಮನಸೋತು ಅವಳಿಗೆ ದನಿ ಕೊಟ್ಟನೋ, ಅದನ್ನು ಕೇಳಿ ಕೇಳಿ ಸಾಕಾಗಿ ಕೊಟ್ಟನೋ, ಇಂದಿಗೂ ನನಗೆ ಗೊತ್ತಾಗಿಲ್ಲ.