ಸಾಹೇಬರ ಕುಳ್ಳ ಆಲದ ಮರ

ದೊಡ್ಡದಾಗುವುದನ್ನು ಸಣ್ಣದಾಗಿಯೇ ಉಳಿಸಿದರೆ ಅದಕ್ಕೆ ಕಲೆ ಅನ್ನುತ್ತಾರೆ. ಸಣ್ಣದನ್ನು ದೊಡ್ಡದು ಮಾಡಿದರೆ ಒಕ್ಕಲುತನ ಅನ್ನುತ್ತಾರೆ. ಒಕ್ಕಲಿಗನಿಗೆ ಯಾರೂ ಪದಕ ಕೊಡುವುದಿಲ್ಲ, ಕಲಾವಿದನಿಗೆ ಕೊಡುತ್ತಾರೆ. ಈ ವ್ಯತ್ಯಾಸ ನನಗೆ ಮೊದಲೇ ಗೊತ್ತಿದ್ದರೆ ಎರಡು ತಿಂಗಳು ನೆಮ್ಮದಿಯಾಗಿ ಊಟ ಮಾಡುತ್ತಿದ್ದೆ. ಗೊತ್ತಿರಲಿಲ್ಲ. ನನಗೆ ಎಲ್ಲವೂ ತಡವಾಗಿಯೇ ಗೊತ್ತಾಗುತ್ತವೆ. ಅಕ್ಷರ ಕಲಿತದ್ದೇ ತಡ. ಮೀಸೆ ಬಂದ ಮೇಲೆ ಶಾಲೆಗೆ ಹೋದವನು ನಾನು. ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ನನ್ನನ್ನೇ ಮಾಸ್ತರರೆಂದು ತಿಳಿದು ಕೈಮುಗಿದಿದ್ದರು. ನಾನೂ ಮುಗಿದೆ. ಮಾಸ್ತರರು ಆ ವಾರವೆಲ್ಲ ನನ್ನ ಜೊತೆ ಮಾತಾಡಲಿಲ್ಲ.

ಹೀಗೆ ಇಪ್ಪತ್ತೈದು ದಾಟಿದ ಮೇಲೆ ಮಿಡ್ಲ್ ಪಾಸಾಗಿ, ನಿಜಾಮರ ಸರ್ಕಾರದಲ್ಲಿ, ಮಕ್ತಲದ ತಹಸೀಲ್ ಕಚೇರಿಯಲ್ಲಿ ಅರ್ಜಿಗಳನ್ನು ನಕಲು ಮಾಡುವ ಹಂಗಾಮಿ ಅಹಲಕಾರನಾದೆ. ಹಂಗಾಮಿ ಎಂದರೆ ಸಾಹೇಬರು ಇವತ್ತು ಬಾ ಅಂದರೆ ಬರಬೇಕು, ನಾಳೆ ಬೇಡ ಅಂದರೆ ಕುರಿ ಹಿಂದೆ ಹೋಗಬೇಕು. ಕಾಯಂ ಮಾಡುವ ಕಾಗದ ಒಂದು ವರ್ಷದಿಂದ ತಹಸೀಲ್ದಾರ ಸಾಹೇಬರ ಮೇಜಿನ ಮೇಲೆ ಮಲಗಿತ್ತು. ನಾನು ದಿನಾ ಮೇಜು ಒರೆಸುವ ನೆಪದಲ್ಲಿ ಅದನ್ನು ಎತ್ತಿ ಎಲ್ಲಕ್ಕಿಂತ ಮೇಲೆ ಇಡುತ್ತಿದ್ದೆ. ಸಾಹೇಬರ ಕಾಗದಪತ್ರ ನೋಡಿಕೊಳ್ಳುವ ಪೇಷಕಾರ ರಾಘೋಬರಾಯರು ಅದನ್ನು ಮತ್ತೆ ಎಲ್ಲಕ್ಕಿಂತ ಕೆಳಗೆ ಇಡುತ್ತಿದ್ದರು. ಅವರಿಗೆ ನನ್ನ ಮೇಲೆ ಸಿಟ್ಟೇನೂ ಇರಲಿಲ್ಲ. ಕಾಗದಗಳು ಬಂದ ಕ್ರಮದಲ್ಲಿಯೇ ಇರಬೇಕು ಎಂಬುದು ಅವರ ಧರ್ಮ.

ಸಾಹೇಬರ ಹತ್ತಿರ ಒಂದು ಜಪಾನಿ ಝಾಡ ಇತ್ತು. ಬೋನ್ಸಾಯ್ ಎಂಬ ಹೆಸರು ನಾನು ಕೇಳಿದ್ದು ಎಷ್ಟೋ ವರ್ಷಗಳ ಮೇಲೆ. ಆಗ ನಮಗೆ ಅದು ಜಪಾನಿ ಝಾಡ, ಅಷ್ಟೆ. ಹೈದರಾಬಾದಿನಿಂದ ಅವರ ಮೈದುನ ಕಳಿಸಿದ ಆಲದ ಮರ. ಎತ್ತರ ಒಂದೂವರೆ ಗೇಣು. ಅಗಲವಾದ ಚೀನಿ ತಟ್ಟೆಯಲ್ಲಿ ನಿಂತಿತ್ತು. ಮಗಳ ಮದುವೆಗೆಂದು ಎರಡು ತಿಂಗಳ ರಜೆ ಹಾಕಿದ ದಿನ ಸಾಹೇಬರು ಕಚೇರಿಯ ಜಗಲಿಯಲ್ಲಿ ನಿಂತು, "ನಿಮ್ಮಾಗ ಕಾಸ್ತಕಾರ ಮನಿತನದಾಂವ ಯಾರ್‍ರೋ?" ಎಂದು ಕೇಳಿದರು. ಎಲ್ಲರ ಬೆರಳೂ ಒಕ್ಕಲುತನದ ಮನೆಯ ನನ್ನ ಕಡೆ ತಿರುಗಿದವು.

"ದೇಖೋ, ಇದಕ್ಕ ಥೋಡಾ ಪಾನಿ. ಬಸ್, ಥೋಡಾ. ನಾ ಬಂದ ಮ್ಯಾಲ ಗದ್ವಾಲದಾಗ ಹೂಗಿಡ ತೋರ್ಸೋ ನುಮಾಯಿಷ್‌ಗೆ ಒಯ್ಯಬೇಕು. ಹೊಳಿ ಆ ಕಡಿ ತಹಸೀಲ್ದಾರಂದು ದಾಳಿಂಬ್ರಿ ಗಿಡ ಐತಿ, ಹೋದ ವರ್ಷ ಅಂವಾ ನನ್ನ ಮುಂದ ಮೀಸಿ ತಿರುವ್ಯಾನ. ಈ ಸಲ ನನ್ನ ಇಜ್ಜತ್ ನಿನ್ನ ಕೈಯಾಗ. ಗೆದ್ದು ಬಂದ್ವಿ ಅಂದ್ರ ನಿನ್ನ ಕಾಗದಕ್ಕ ಸಹಿ."

ತಟ್ಟೆಯನ್ನು ಮಗುವಿನಂತೆ ಎದೆಗವಚಿಕೊಂಡು ಮನೆಗೆ ತಂದೆ. ನನ್ನ ಹೆಂಡತಿ ಮಲ್ಲವ್ವ ನಾರಾಯಣಪೇಟೆ ಕಡೆಯ ಕುರುಬರ ಮಗಳು. ಅವಳು ಗಿಡವನ್ನು ಸುತ್ತ ತಿರುಗಿ ನೋಡಿದಳು.

"ಏನ್ರಿ ಇದು, ಇದಕ್ಕ ಏನ್ ರೋಗ ಬಂದೈತ್ರಿ?"

"ರೋಗಲ್ಲ, ಇದು ಹಿಂಗ ಇರತೈತಿ. ನಲ್ವತ್ತು ವರ್ಷದ ಮರ ಅಂತ."

"ನಲ್ವತ್ತು ವರ್ಷ! ಅಯ್ಯ, ಯಾವ ಪಾಪಿ ಸಾಕ್ಯಾನ್ರಿ ಇದನ್ನ? ಹೊಟ್ಟಿಗಿ ಏನೂ ಹಾಕಿಲ್ಲೇನು?"

ಹೊಟ್ಟೆಗೆ ಹಾಕುವ ವಿಷಯದಲ್ಲಿ ನಮ್ಮ ಕಡೆಯವರು ಬಹಳ ಮೆತ್ತಗೆ. ಮನೆ ಬಾಗಿಲಿಗೆ ಬಂದದ್ದು ಮನುಷ್ಯನಾಗಲಿ, ದನವಾಗಲಿ, ಗಿಡವಾಗಲಿ, ಬಡವಾಗಿ ಕಂಡರೆ ನಮಗೆ ತಡೆಯುವುದಿಲ್ಲ. ಅದೂ ಅಲ್ಲದೆ ನನ್ನ ಲೆಕ್ಕಾಚಾರ ಬೇರೆ ಇತ್ತು. ಇಷ್ಟು ಸೊರಗಿದ ಗಿಡವನ್ನು ಸಾಹೇಬರು ನುಮಾಯಿಷ್‌ಗೆ ಒಯ್ದರೆ ನಾಲ್ಕು ಮಂದಿಯಲ್ಲಿ ಮಾನ ಉಳಿಯುವುದುಂಟೆ? ಇದನ್ನು ದಷ್ಟಪುಷ್ಟ ಮಾಡಿ ತೋರಿಸಿದರೆ ಸಾಹೇಬರು ಒಂದಲ್ಲ, ಎರಡು ಸಹಿ ಮಾಡಿಯಾರು ಎಂದುಕೊಂಡೆ.

ನಮ್ಮ ನಾಡಿನಲ್ಲಿ ಹೊಲಕ್ಕೆ ಬಲ ಬರಬೇಕಾದರೆ ಕುರಿ ತರುಬಿಸುತ್ತಾರೆ. ನಾಲ್ಕು ದಿನ ಹಿಂಡು ಹೊಲದಲ್ಲಿ ಮಲಗೆದ್ದು ಹೋದರೆ ಮುಂದಿನ ಜೋಳ ಆಳೆತ್ತರ. ತಟ್ಟೆಯಲ್ಲಿ ಕುರಿ ತರುಬಿಸಲು ಜಾಗವಿರಲಿಲ್ಲ. ಆದ್ದರಿಂದ ಮಾವನ ಹಟ್ಟಿಯಿಂದ ಹಿಕ್ಕೆ ತರಿಸಿ, ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಒಂದು ಚೆಂಬು, ಸಂಜೆ ಒಂದು ಚೆಂಬು ಹೊಯ್ದೆ. ಮಲ್ಲವ್ವ ನಾನಿಲ್ಲದಾಗ ಮಧ್ಯಾಹ್ನವೂ ಒಂದು ಚೆಂಬು ಹೊಯ್ಯುತ್ತಿದ್ದಳೆಂದು ಆಮೇಲೆ ಗೊತ್ತಾಯಿತು.

ಹತ್ತು ದಿನಕ್ಕೆ ಹೊಸ ಚಿಗುರು. ಇಪ್ಪತ್ತು ದಿನಕ್ಕೆ ಅಂಗೈಯಗಲದ ಎಲೆ. ಒಂದು ದಿನ ಮುಂಜಾನೆ ಟಪ್ ಎಂದು ಸದ್ದಾಯಿತು. ಎದ್ದು ನೋಡಿದರೆ ಚೀನಿ ತಟ್ಟೆ ಎರಡು ಹೋಳು, ಬೇರು ಹೊರಗೆ ಕಾಲು ಚಾಚಿದೆ. ಸಂತೋಷದಿಂದ ಅದನ್ನು ಅಂಗಳದ ಮಣ್ಣಿಗೇ ಇಳಿಸಿದೆವು. ಆರನೆಯ ವಾರಕ್ಕೆ ಅದು ನನ್ನ ಸೊಂಟ ಮುಟ್ಟಿತು. ಮಲ್ಲವ್ವ ದೃಷ್ಟಿ ತೆಗೆದಳು. "ಈಗ ನೋಡ್ರಿ, ಮೈ ತುಂಬೈತಿ" ಎಂದಳು. ತವರಿಗೆ ಬಂದ ಬಾಣಂತಿಯ ಬಗ್ಗೆ ಹೇಳಿದ ಹಾಗೆ ಹೇಳಿದಳು.

ನನಗೆ ಈ ವಿಜಯವನ್ನು ಯಾರಿಗಾದರೂ ತೋರಿಸಬೇಕಾಗಿತ್ತು. ಪೇಷಕಾರ ರಾಘೋಬರಾಯರನ್ನು ಚಹಾಕ್ಕೆ ಕರೆದೆ. ಅವರು ಅಂಗಳಕ್ಕೆ ಬಂದು, "ಎಲ್ಲೈತೋ ಸಾಹೇಬರ ಗಿಡ?" ಎಂದರು. ನಾನು ಹೆಮ್ಮೆಯಿಂದ ಕೈ ತೋರಿಸಿದೆ. ಅವರು ಪಗಡಿ ತೆಗೆದು ಕಟ್ಟೆಯ ಮೇಲೆ ಕುಳಿತುಬಿಟ್ಟರು.

"ಎಂಥಾ ಕೆಲಸ ಮಾಡಿದ್ಯೋ ಮಾರಾಯಾ! ಅದು ಕುಳ್ಳಗಿರೋದ್ರಾಗ ಅದರ ಇಜ್ಜತ್ ಇತ್ತೋ! ಅದನ್ನ ಕುಳ್ಳ ಮಾಡಾಕ ಒಬ್ಬಾಂವ ನಲ್ವತ್ತು ವರ್ಷ ಕತ್ತರಿ ಹಿಡ್ಕೊಂಡು ಕುಂತಿದ್ದ. ನೀ ಒಂದೂವರಿ ತಿಂಗಳದಾಗ ಅದನ್ನ ಆಲದ ಮರ ಮಾಡೀದಿ!"

"ಅದು ಆಲದ ಮರನ ಅಲ್ಲೇನ್ರಿ?" ಎಂದೆ.

"ಅದನ್ನ ಸಾಹೇಬರ ಮುಂದ ಹೇಳು," ಎಂದು ಅವರು ಚಹಾ ಕುಡಿಯದೆ ಹೋದರು. ಚಹಾ ಬಿಟ್ಟು ಹೋದರೆಂದರೆ ಸಂಗತಿ ದೊಡ್ಡದೇ.

ಸಾಹೇಬರು ಬರಲು ಹನ್ನೆರಡು ದಿನ. ನಾನು ಮಲ್ಲವ್ವನ ಹೊಲಿಗೆಯ ಕತ್ತರಿ ಹಿಡಿದು ಗಿಡವನ್ನು ಮೊದಲಿನ ಎತ್ತರಕ್ಕೆ ಕತ್ತರಿಸಿದೆ. ಅದು ಮೊದಲಿನ ಹಾಗೆ ಕಾಣಲಿಲ್ಲ, ಸವೆದ ಕಸಬರಿಗೆಯ ಹಾಗೆ ಕಂಡಿತು. ವಾರಕ್ಕೆ ಸರಿಯಾಗಿ, ಇನ್ನೂ ಹುರುಪಿನಿಂದ, ನಾಲ್ಕು ಕಡೆಗೆ ಚಿಗುರಿತು. ಹಿಕ್ಕೆಯ ಋಣ ಅಷ್ಟು ಬೇಗ ಹೋಗುತ್ತದೆಯೆ?

ಆಗ ಮಾವ ಮೈಲಾರಪ್ಪ ಬಂದ. ಹೆಗಲ ಮೇಲೆ ಕಂಬಳಿ, ಹಿಂದೆ ಲಚ್ಚಿ ಎಂಬ ಆಡು. ಆ ಆಡು ಅವನನ್ನು ಬಿಟ್ಟಿರುತ್ತಿರಲಿಲ್ಲ. ನಮ್ಮ ಅತ್ತೆ ತೀರಿಹೋದ ಮೇಲೆ ಮಾವನ ಸಂಸಾರವೆಂದರೆ ಅದೇ. ನನ್ನ ಕಥೆ ಕೇಳಿ ಮಾವ ಕಂಬಳಿಯಲ್ಲಿ ಮುಖ ಮುಚ್ಚಿಕೊಂಡು ನಕ್ಕ.

"ಕುಳ್ಳ ಮರ ಬೇಕಂದ್ರ ಕುರುಬನ್ನ ಕೇಳಬೇಕ ಬ್ಯಾಡೋ ಅಳ್ಯಾ? ಬುಕ್ಕ ಓದಿದಾಂವ ನೀನು, ಕೇಳಾಕ ನಾಚಿಕಿ! ನಮ್ಮ ಗುಡ್ಡದಾಗ ಒಂದು ಆಲ ಐತಿ. ಬಂಡಿಕಲ್ಲ ಮ್ಯಾಲ ಹುಟ್ಟೈತಿ. ನಾ ಸಣ್ಣಾಂವ ಇದ್ದಾಗ ಮೊಣಕಾಲ ಮಟ ಇತ್ತು. ಈಗೂ ಮೊಣಕಾಲ ಮಟನ ಐತಿ. ನಾ ಮುದುಕ ಆದೆ, ಅದು ಬೆಳೀಲಿಲ್ಲ."

"ಯಾಕ ಬೆಳೀಲಿಲ್ಲ?"

"ಆಡು ಬೆಳ್ಯಾಕ ಬಿಟ್ರಲ್ಲ? ಚಿಗುರು ಬಂದ್ರ ಲಚ್ಚಿ. ಲಚ್ಚಿಗಿಂತ ಮೊದಲು ಅವ್ರವ್ವ. ಅದಕ್ಕಿಂತ ಮೊದಲು ಅದರವ್ವ."

ಮರುದಿನವೇ ನಾರಾಯಣಪೇಟೆ ಕಡೆಯ ಆ ಗುಡ್ಡ ಹತ್ತಿದೆವು. ರೊಟ್ಟಿ ತಟ್ಟುವ ಕಲ್ಲಿನಷ್ಟು ಅಗಲದ ಒಂದು ಬಂಡೆಯ ತುಂಡು. ಅದನ್ನು ಮುದುಕಿಯ ಬೆರಳುಗಳ ಹಾಗೆ ಬೇರುಗಳು ಹಿಡಿದಿದ್ದವು. ನನ್ನ ತೊಡೆಯಷ್ಟು ದಪ್ಪ ಬೊಡ್ಡೆ, ಒಂದು ಕಡೆ ವಾಲಿದ ರೆಂಬೆ, ಉಗುರಿನಷ್ಟು ಎಲೆ. ಮಾವ ಅದಕ್ಕೆ ಭಂಡಾರದ ಅರಿಸಿನ ಹಚ್ಚಿ ಮೈಲಾರಲಿಂಗನ ಹೆಸರು ಹೇಳಿದ. ಕಲ್ಲಿನ ಸಮೇತ ಎತ್ತಿದೆವು. ಮನೆಯಲ್ಲಿ ಅಷ್ಟು ದೊಡ್ಡ ತಟ್ಟೆ ಇರಲಿಲ್ಲವಾಗಿ, ಹಿಟ್ಟು ನಾದುವ ಮರದ ಮರಿಗೆಯಲ್ಲಿ ಇಟ್ಟೆ. ಮಲ್ಲವ್ವ ನಾಲ್ಕು ದಿನ ತಾಟಿನಲ್ಲಿ ಹಿಟ್ಟು ನಾದಿ, ಪ್ರತಿ ರೊಟ್ಟಿಗೂ ನನಗೊಂದು ಮಾತು ಅಂದಳು.

ಸಾಹೇಬರು ಬಂದರು. ಕಲ್ಲಿನ ಮರವನ್ನೇ ಮುಂದಿಟ್ಟು, "ಹುಜೂರ್, ಇದೇ ತಮ್ಮದು" ಎನ್ನಬಹುದಿತ್ತು. ರಾಘೋಬರಾಯರು ಹಾಗೇ ಹೇಳು ಎಂದು ಕಣ್ಣಲ್ಲಿ ಸನ್ನೆಯನ್ನೂ ಮಾಡಿದರು. ಆದರೆ ಹಂಗಾಮಿ ನೌಕರನಿಗೆ ಸುಳ್ಳು ಹೇಳಲು ಎಷ್ಟು ಧೈರ್ಯ ಬೇಕು! ನನ್ನಲ್ಲಿ ಅಷ್ಟಿರಲಿಲ್ಲ. ಅಂಗಳಕ್ಕೆ ಕರೆದುಕೊಂಡು ಹೋಗಿ ಎರಡನ್ನೂ ತೋರಿಸಿ, ಹಿಕ್ಕೆಯಿಂದ ಹಿಡಿದು ಗುಡ್ಡದವರೆಗೆ ಎಲ್ಲ ಹೇಳಿದೆ.

ಸಾಹೇಬರು ತಮ್ಮ ನಲವತ್ತು ವರ್ಷದ ಮರದ ಹೊಸ ಎಲೆಯೊಂದನ್ನು ಮುಟ್ಟಿ ನೋಡಿದರು. "ಏ ಕ್ಯಾ ಕರ್‍ಯಾ ರೇ ತೂ..." ಎಂದರು. ಏನು ಮಾಡಿಬಿಟ್ಟೆಯೋ ಎಂದು. ಆಮೇಲೆ ಕಲ್ಲಿನ ಮರದ ಕಡೆ ತಿರುಗಿ, "ನಾಳಿ ನುಮಾಯಿಷ್. ಇದನ್ನರ ತಗೊಂಡು ನಡಿ. ಅಲ್ಲಿ ಅಂವಾ ನನ್ನ ನೋಡಿ ನಕ್ಕಾಂದ್ರ, ನೀ ಕಚೇರಿಗೆ ಬರಬ್ಯಾಡ. ನಿಮ್ಮ ಮಾವನ ಸಂಗಾಟ ಆಡು ಕಾಯಿ," ಎಂದರು.

ಮಕ್ತಲದಿಂದ ಗದ್ವಾಲಕ್ಕೆ ಕೃಷ್ಣೆ ಅಡ್ಡ. ಹರಿಗೋಲಿನಲ್ಲಿ ಮರಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ನಾನು, ಎದುರಿಗೆ ಮಾತಾಡದ ಸಾಹೇಬರು, ಪಕ್ಕದಲ್ಲಿ ಮಾವ, ಅವನ ಕಾಲಸಂದಿಯಲ್ಲಿ ಲಚ್ಚಿ. ಬೇಡವೆಂದರೂ ಆಡು ಹತ್ತಿತ್ತು. ಹರಿಗೋಲಿನವನು ತೆಲುಗಿನವನು, "ಚೆಟ್ಟು, ಬಂಡ, ಮೇಕ... ಇಂಕಾ ಏಮನ್ನಾ ಉಂದಾ ಸಾಮಿ?" ಎಂದು ಕೇಳಿದ. ಗಿಡ, ಬಂಡೆ, ಆಡು ಆಯಿತು, ಇನ್ನೇನಾದರೂ ಉಳಿದಿದೆಯೇ ಎಂದು. ಸಾಹೇಬರು ಹೊಳೆಯ ನೀರು ನೋಡುತ್ತಿದ್ದರು. ಉಳಿದದ್ದು ಅವರ ಇಜ್ಜತ್ತು, ನನ್ನ ನೌಕರಿ.

ಗದ್ವಾಲದ ಕೋಟೆಯ ಬಯಲಲ್ಲಿ ಶಾಮಿಯಾನ. ಗುಲಾಬಿ, ಸೇವಂತಿಗೆಗಳನ್ನು ದಾಟಿದರೆ ಕೊನೆಯಲ್ಲಿ ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಕುಳ್ಳ ಮರಗಳು. ಒಂದು ಹುಣಸೆ, ಒಂದು ಅತ್ತಿ, ಒಂದು ನಿಂಬೆ. ನಡುವೆ ಆ ಕಡೆಯ ತಹಸೀಲ್ದಾರರ ದಾಳಿಂಬೆ: ಬೊಡ್ಡೆ, ರೆಂಬೆಗಳಿಗೆಲ್ಲ ತಾಮ್ರದ ತಂತಿ ಸುತ್ತಿ, ಕೈಕೋಳ ಹಾಕಿದ ಕೈದಿಯ ಹಾಗೆ ನಿಲ್ಲಿಸಿದ್ದರು. ಹೊಳೆಯುವ ನೀಲಿ ತಟ್ಟೆಗಳ ಸಾಲಿನಲ್ಲಿ ನಮ್ಮ ಹಿಟ್ಟಿನ ಮರಿಗೆ. ದಾಳಿಂಬೆಯ ಒಡೆಯರು ಬಗ್ಗಿ ನೋಡಿ, "ರೊಟ್ಟಿ ಯಾವಾಗ ಆಗತೈತ್ರಿ?" ಎಂದು ಕೇಳಿದರು. ಮೀಸೆಗೆ ಕೈ ಹೋಯಿತು. ನಮ್ಮ ಸಾಹೇಬರ ಕಿವಿ ಕೆಂಪಾಯಿತು. ನಾನು ಮನಸ್ಸಿನಲ್ಲೇ ಕಂಬಳಿ ಹೊದ್ದುಕೊಂಡೆ.

ಇಷ್ಟು ಸಾಲದೆಂಬಂತೆ, ಮಾವ ನೀರು ಕುಡಿಯಲು ಹೋದದ್ದೇ ತಡ, ಗೂಟಕ್ಕೆ ಕಟ್ಟಿದ್ದ ಲಚ್ಚಿ ಹಗ್ಗ ಕಿತ್ತುಕೊಂಡು ಒಳಗೆ ಬಂತು. ಗುಲಾಬಿಯನ್ನು ಮೂಸಲಿಲ್ಲ, ದಾಳಿಂಬೆಯನ್ನು ನೋಡಲಿಲ್ಲ. ನೇರ ತನ್ನ ಮರದ ಹತ್ತಿರ ಹೋಗಿ, ಮುಂಗಾಲು ಮೇಜಿನ ಮೇಲಿಟ್ಟು, ಎಡಗಡೆಯ ಚಿಗುರನ್ನೆಲ್ಲ ಕರಕರ ತಿಂದಿತು. ನಾನು ಓಡಿಹೋಗಿ ಎಳೆಯುವಷ್ಟರಲ್ಲಿ ಊಟ ಮುಗಿದಿತ್ತು. "ಖತಂ," ಎಂದರು ಸಾಹೇಬರು. ಅದೇ ಗಳಿಗೆಗೆ ತೀರ್ಪುಗಾರರು ಬಂದರು.

ಅವರು ಹೈದರಾಬಾದಿನ ತೋಟಗಳಲ್ಲಿ ತಲೆ ಹಣ್ಣಾದ ಮುದುಕರು. ಹುಣಸೆಯ ಮುಂದೆ ಒಂದು ನಿಮಿಷ, ದಾಳಿಂಬೆಯ ಮುಂದೆ ಎರಡು ನಿಮಿಷ ನಿಂತರು. ನಮ್ಮದರ ಮುಂದೆ ಬಂದು ಕುರ್ಚಿ ತರಿಸಿಕೊಂಡು ಕುಳಿತರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ಉರ್ದುವಿನಲ್ಲಿ ಕೇಳಿದರು: "ಉಳಿದ ಗಿಡಗಳಲ್ಲಿ ನನಗೆ ಕತ್ತರಿ ಕಾಣುತ್ತದೆ. ಇದರಲ್ಲಿ ಕಾಣುವುದಿಲ್ಲ. ಈ ಎಡಗಡೆಯನ್ನು ನೋಡಿ, ಎಷ್ಟು ಧೈರ್ಯದಿಂದ ತೆಗೆದಿದ್ದಾರೆ! ಯಾರ ಕೈಕೆಲಸ? ಯಾವ ಹತ್ಯಾರ?"

ಸಾಹೇಬರು ನನ್ನನ್ನು ನೋಡಿದರು. ದಾಳಿಂಬೆಯವರೂ ನೋಡಿದರು.

"ಬಕರಿ, ಹುಜೂರ್," ಎಂದೆ.

"ಅಂದರೆ?"

"ಇದೇ ಆಡು, ಹುಜೂರ್. ಹಲ್ಲಿನಿಂದ."

ಮುದುಕರು ಬಗ್ಗಿ ಎಲೆಯ ತುದಿ ಮುಟ್ಟಿದರು. ಇನ್ನೂ ಜೊಲ್ಲಿನಿಂದ ಹಸಿಯಾಗಿತ್ತು. ನನ್ನ ಕೈಯಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ಲಚ್ಚಿ, ಲಚ್ಚಿಯ ಬಾಯಲ್ಲಿ ಸಾಕ್ಷಿ. ಅವರು ನಗತೊಡಗಿದರು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. "ಕತ್ತರಿ ಕಾಣದ ಹಾಗೆ ಕತ್ತರಿಸಿರೋ ಎಂದು ಮಾಲಿಗಳಿಗೆ ಹೇಳಿ ಹೇಳಿ ನನ್ನ ಆಯುಷ್ಯ ಮುಗಿಯಿತು. ಕೊನೆಗೂ ಒಂದು ಪ್ರಾಣಿಗೆ ತಿಳಿಯಿತಲ್ಲ!" ಎಂದು, ಬೆಳ್ಳಿ ಪದಕದ ಪೆಟ್ಟಿಗೆಯನ್ನು ನಮ್ಮ ಮರಿಗೆಯ ಮುಂದೆ ಇಟ್ಟರು.

"ಏಳ್ಕೋಟಿ ಏಳ್ಕೋಟಿ ಏಳ್ಕೋಟಿಗೋ!" ಎಂದು, ನೀರು ಕುಡಿದು ಬಂದಿದ್ದ ಮಾವ ಮೈಲಾರನ ಜಯಕಾರ ಕೂಗಿ ಎಸೆದ ಭಂಡಾರ ತೀರ್ಪುಗಾರರ ಗಡ್ಡ, ಸಾಹೇಬರ ಶೇರವಾನಿ, ದಾಳಿಂಬೆಯವರ ಮೀಸೆ ಎಲ್ಲವನ್ನೂ ಒಂದೇ ಬಣ್ಣ ಮಾಡಿತು. ಆ ಮೀಸೆ ಅವತ್ತು ಮೇಲೇಳಲಿಲ್ಲ. "ಲಚ್ಚಿ ಹೆಸರೂ ಬರ್ಕೊಳ್ರಿ" ಎಂದು ಮಾವ ಗುಮಾಸ್ತನಿಗೆ ಗಂಟು ಬಿದ್ದ. ಅವನು ಉರ್ದುವಿನಲ್ಲಿ ಬರೆದುಕೊಂಡೇ ಬಿಟ್ಟ.

ಹಿಂದಿರುಗುವಾಗ ಹರಿಗೋಲಿನಲ್ಲಿ ಸಾಹೇಬರು ಮಾತು ನಿಲ್ಲಿಸಲಿಲ್ಲ. ಲಚ್ಚಿಗೆ ತಮ್ಮ ಕೈಯಾರೆ ಬಾಳೆಹಣ್ಣು ಸುಲಿದು ಕೊಟ್ಟರು. ಮರುದಿನ ಬೆಳಿಗ್ಗೆ ನನ್ನ ಕಾಗದಕ್ಕೆ ಸಹಿ ಬಿತ್ತು. ಅದನ್ನು ರಾಘೋಬರಾಯರೇ ಕಟ್ಟಿನ ಕೆಳಗಿನಿಂದ ಎಳೆದು ಕೊಟ್ಟರು, ಕ್ರಮ ತಪ್ಪಿಸಿ.

ಕಾಯಂ ಆದ ಹದಿನೈದು ದಿನಕ್ಕೆ ಜಿಲ್ಲೆಯಿಂದ ದೊಡ್ಡ ಅಧಿಕಾರಿಯೊಬ್ಬರು ಆ ಮರ ನೋಡಲೆಂದೇ ಬಂದರು. ಸಾಹೇಬರು ನನ್ನನ್ನು ಕರೆಸಿ, "ಇವನೇ ಹುಜೂರ್, ನಮ್ಮ ಕಾರೀಗರ" ಎಂದು ಪರಿಚಯಿಸಿದರು. ಅಂದು ಲಚ್ಚಿ ಗುಡ್ಡದಲ್ಲಿತ್ತು. ನನ್ನ ಮೈಮೇಲೆ ಹೊಸ ಕೋಟು, ಕೈಯಲ್ಲಿ ಸಾಹೇಬರೇ ಕೊಡಿಸಿದ ಹೊಸ ಕತ್ತರಿ. ಅಧಿಕಾರಿಗಳು ಮರವನ್ನು ಸುತ್ತುಹಾಕಿ ನೋಡಿ, ನನ್ನ ಕಡೆ ಗೌರವದಿಂದ ತಿರುಗಿ, ಈ ವಿದ್ಯೆ ಎಲ್ಲಿ ಕಲಿತೆ ಎಂದು ಕೇಳಿದರು. ನೌಕರಿ ಕೈ ಬಿಟ್ಟುಹೋಗುತ್ತಿದ್ದಾಗ ಎರಡು ಸಲ ನಿಜ ಹೇಳಿದ ಬಾಯಿ ಇದು. ಈಗ ಯಾವ ಭಯವೂ ಇರಲಿಲ್ಲ.

ನಾನು ಕತ್ತರಿಯನ್ನು ಎರಡು ಸಲ ಗಾಳಿಯಲ್ಲಿ ಆಡಿಸಿ, ಕಣ್ಣು ಅರ್ಧ ಮುಚ್ಚಿ ಹೇಳಿದೆ: "ಎಲ್ಲಾ ಅನುಭವ, ಹುಜೂರ್."