ಗ್ರಿಂಡಲ್‌ಥ್ವೇಟ್ ಮನೆತನದ ಕೊನೆಯವರು

ಬೇರೆಯವರ ಮನೆಹೆಸರಿನ ಗೋಜಿಗೆ ಹೋಗಬಾರದೆಂದು ನಾನು ಎಷ್ಟು ಸಲ ಅಂದುಕೊಂಡರೂ ಅದೇ ನನ್ನನ್ನು ಹುಡುಕಿಕೊಂಡು ಬರುತ್ತದೆ. ೨೦೧೩ರಿಂದ ಏಳು ವರ್ಷ ನಾನು ದುಬೈಯ ಜುಮೇರಾ ಲೇಕ್ ಟವರ್ಸ್‌ನ ಒಂದು ಆಫೀಸಿನಲ್ಲಿ ರಿಸೆಪ್ಶನಿಸ್ಟ್ ಆಗಿದ್ದೆ. ಫೋನ್ ಎತ್ತಿದ್ದು ಅರ್ಧ ಕೆಲಸವಾದರೆ, ಉಳಿದರ್ಧ ಇದೇ.

೧. ಕೇಳಬಾರದ ಪ್ರಶ್ನೆ

ಕೆಲಸಕ್ಕೆ ಸೇರಿದ ದಿನ ನಮ್ಮ ಸಾಹೇಬರು ತಾವಾಗಿಯೇ ಬಂದು ಕೈಕುಲುಕಿದರು. ಅರವತ್ತರ ಹತ್ತಿರದ, ಮೂಳೆ ಚಕ್ಕಳದ ಉದ್ದನೆಯ ಇಂಗ್ಲಿಷ್ ಇಂಜಿನಿಯರ್. "ನಾನು ಗ್ರಿಂಡಲ್‌ಥ್ವೇಟ್" ಎಂದರು. ನಾನು ಉಡುಪಿ ಕಡೆಯವಳು. ನಮ್ಮಲ್ಲಿ ಯಾರಾದರೂ ಹೆಸರು ಹೇಳಿದರೆ ಮುಂದಿನ ಮಾತು ಒಂದೇ, ಬಸ್ಸಿನಲ್ಲಿ ಪಕ್ಕಕ್ಕೆ ಕೂತವರನ್ನೂ ಬಿಡುವುದಿಲ್ಲ. ಬಾಯಿತಪ್ಪಿ ಕೇಳಿಯೇಬಿಟ್ಟೆ: "ಊರು ಎಲ್ಲಿ? ಯಾವ ಮನೆಯವರು?"

ಸಾಹೇಬರು ಕುರ್ಚಿ ಎಳೆದುಕೊಂಡು ಕೂತರು. ಇಂಗ್ಲೆಂಡಿನ ಉತ್ತರದ ಗುಡ್ಡಗಳ ನಡುವೆ ಒಂದು ಕಣಿವೆಯಂತೆ, ಒಂದು ಕಾಲಕ್ಕೆ ಅಲ್ಲಿ ಕಲ್ಲೆಸೆದರೆ ಗ್ರಿಂಡಲ್‌ಥ್ವೇಟ್ ಒಬ್ಬನಿಗೆ ತಾಗುತ್ತಿತ್ತಂತೆ. ಆಮೇಲೆ ಕೆಲವರು ಗಿರಣಿಗಳಿಗೆ ಹೋದರು, ಕೆಲವರು ಯುದ್ಧಕ್ಕೆ ಹೋದರು, ಕೆಲವರಿಗೆ ಬರೀ ಹೆಣ್ಣುಮಕ್ಕಳಾದರು. ಹೀಗೆ ಹೆಸರು ಸೊರಗುತ್ತಾ ಸೊರಗುತ್ತಾ ತಮ್ಮವರೆಗೆ ಬಂದು ನಿಂತಿದೆ. ಇದನ್ನೆಲ್ಲ ಹೇಳಲು ಅವರಿಗೆ ಮುಕ್ಕಾಲು ಗಂಟೆ ಹಿಡಿಯಿತು, ಅಷ್ಟರಲ್ಲಿ ಫೋನ್ ಆರು ಸಲ ಹೊಡೆದುಕೊಂಡು ಸುಮ್ಮನಾಯಿತು.

ಅವರು ಎದ್ದು ಹೋದ ಮೇಲೆ ಚಹಾ ಕೊಡುವವನು ಹತ್ತಿರ ಬಂದ. ಮುಹೈಸ್ನಾದ ಕೂಲಿಕಾರರ ಕ್ಯಾಂಪಿನಿಂದ ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಬರುವ ಬಿಹಾರದವನು. "ಮೇಡಂ, ಈ ಆಫೀಸಿನಲ್ಲಿ ಎಲ್ಲರೂ ಆ ಪ್ರಶ್ನೆ ಒಂದು ಸಲ ಕೇಳಿದ್ದಾರೆ" ಎಂದ, "ಎರಡು ಸಲ ಕೇಳಿದವರು ಯಾರೂ ಇಲ್ಲ."

ನಾನು ಮರುದಿನವೂ ಕೇಳಿದೆ. ನಿಜ ಹೇಳಬೇಕೆಂದರೆ, ಆ ಊರಲ್ಲಿ ನನ್ನ ಜೊತೆ ಮುಕ್ಕಾಲು ಗಂಟೆ ಮಾತಾಡುವವರು ಬೇರೆ ಯಾರೂ ಇರಲಿಲ್ಲ.

೨. ನೆಂಟಸ್ತಿಕೆ

ಒಂದು ದಿನ ಸಾಹೇಬರು ಹೆಸರಿನ ಅರ್ಥ ಬಿಡಿಸಿದರು. 'ಥ್ವೇಟ್' ಎಂದರೆ ಕಾಡು ಕಡಿದು ಬೇಸಾಯಕ್ಕೆ ಮಾಡಿಕೊಂಡ ಜಾಗ. ಸಮುದ್ರ ದಾಟಿ ಬಂದು ನೆಲೆಸಿದವರ ಹಳೆಯ ಮಾತು.

"ಅಯ್ಯೋ, ಅದು ನಮ್ಮ ಕುಮೇರಿ!" ಎಂದೆ. "ನಮ್ಮಲ್ಲೂ ಕಾಡು ಸವರಿ ಮಾಡಿದ ಜಾಗಕ್ಕೆ ಕುಮೇರಿ ಅಂತಾರೆ. ನನ್ನ ತಾಯಿಮನೆಯ ಹೆಸರೇ ಕುಮೇರಿ."

ಅವರು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಅದರ ಕೆಳಗೆ ಎರಡು ಗೆರೆ ಎಳೆದರು. ಅಷ್ಟಕ್ಕೇ ಮುಗಿಯಿತೆಂದು ನಾನು ತಿಳಿದೆ. ಮರುವಾರ ಶಾರ್ಜಾದಿಂದ ಒಬ್ಬ ಅರಬ್ ಗಿರಾಕಿ ಬಂದಾಗ, ನನ್ನ ಕಡೆ ಕೈ ತೋರಿಸಿ "ಇವರು ನನ್ನ ಸಂಬಂಧಿ" ಎಂದು ಪರಿಚಯ ಮಾಡಿಕೊಟ್ಟರು. ಗಿರಾಕಿ ಅವರ ಕೆಂಪು ಮುಖ ನೋಡಿದ, ನನ್ನ ಕಪ್ಪು ಮುಖ ನೋಡಿದ. ಮರ್ಯಾದಸ್ಥ, ನಗಲಿಲ್ಲ.

"ಮಾಶಾಲ್ಲಾ. ತಾಯಿ ಕಡೆಯಿಂದಲೋ?"

"ಕಾಡಿನ ಕಡೆಯಿಂದ" ಎಂದರು ಸಾಹೇಬರು.

೩. ಅಬುಧಾಬಿಯಲ್ಲಿ ಒಬ್ಬರು

ಅವರಿಗೆ ನಿವೃತ್ತಿಯ ದಿನ ಹತ್ತಿರವಾಗುತ್ತಿತ್ತು. ಕೆಲಸ ಮುಗಿದರೆ ವೀಸಾ ಖಲಾಸ್. "ಊರಿಗೆ ಹೋದರೆ ಬಾಗಿಲು ತೆಗೆಯುವವರಿಲ್ಲ" ಎಂದು ಒಮ್ಮೆ ಹೇಳಿದ್ದರು. ಮದುವೆ ಮುರಿದಿತ್ತು, ಮಕ್ಕಳಿರಲಿಲ್ಲ. ಹೋಗುವ ಮೊದಲು ತಮ್ಮ ಹೆಸರಿನ ಒಂದೇ ಒಂದು ಜೀವ ಸಿಕ್ಕರೆ ಸಾಕೆಂಬುದು ಅವರ ಆಸೆ. ಹಾಗಾಗಿ ಊಟದ ಬಿಡುವಿನಲ್ಲಿ ನಾನು ಇಂಟರ್ನೆಟ್ಟಿನಲ್ಲಿ ಹುಡುಕುತ್ತಿದ್ದೆ. ಒಂದು ಗುರುವಾರ ಸಿಕ್ಕೇಬಿಟ್ಟಿತು! ಅಬುಧಾಬಿಯ ಒಂದು ಸಣ್ಣ ಲೈಬ್ರರಿಯ ಸದಸ್ಯರ ಪಟ್ಟಿಯಲ್ಲಿ, ಹಿಂದೆಮುಂದೆ ಏನೂ ಇಲ್ಲದೆ ಬರೀ ಗ್ರಿಂಡಲ್‌ಥ್ವೇಟ್.

ಸಾಹೇಬರು ಎದ್ದ ರಭಸಕ್ಕೆ ಅವರ ಚಕ್ರದ ಕುರ್ಚಿ ಹಿಂದಕ್ಕೆ ಓಡಿ ಗೋಡೆಗೆ ಹೊಡೆಯಿತು. "ನಾಳೆಯೇ ಹೋಗೋಣ. ನೀವೂ ಬನ್ನಿ, ಒಬ್ಬನೇ ಹೋದರೆ ನನಗೆ ಮಾತು ಹೊರಡುವುದಿಲ್ಲ."

ನೈಫ್ ಬಡಾವಣೆಯಲ್ಲಿ ನನ್ನ ಕೋಣೆ ಹಂಚಿಕೊಂಡಿದ್ದ ಮಂಗಳೂರಿನ ನರ್ಸ್ ಕೇಳಿ ತಲೆ ಚಚ್ಚಿಕೊಂಡಳು. "ವಾರಕ್ಕೆ ಒಂದು ಶುಕ್ರವಾರ ರಜೆ. ಅದರಲ್ಲಿ ದೊರೆಯ ನೆಂಟರನ್ನು ಹುಡುಕ್ಲಿಕ್ಕೆ ಹೋಗುದಾ? ನಿಂಗೆ ಎಂತ ಮರ್ಲು ಮಾರಾಯ್ತಿ?"

ಅವಳಿಗೆ ಊರಲ್ಲಿ ಗಂಡ, ಎರಡು ಮಕ್ಕಳು. ಅವಳಿಗೇನು ಗೊತ್ತು.

ಸಾಹೇಬರು ಟೈ ಕಟ್ಟಿ ಬಂದಿದ್ದರು. ನೆಂಟರಿಗೆಂದು ತಂದ ಕೇಕಿನ ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡು ನಾನು ಕಾರಿನಲ್ಲಿ ಅವರ ಪಕ್ಕ ಕೂತೆ. ದಾರಿಯುದ್ದಕ್ಕೂ ಅವರು ಮೊದಲ ಮಾತು ಏನಾಡಬೇಕೆಂದು ಅಭ್ಯಾಸ ಮಾಡಿದರು. ಲೈಬ್ರರಿಯಲ್ಲಿ ಕಾಸರಗೋಡಿನ ಕಡೆಯ ವಯಸ್ಸಾದ ಗುಮಾಸ್ತ ಕನ್ನಡಕ ಏರಿಸಿ ಇವರನ್ನು ನೋಡಿ, ಒಳಗಿನಿಂದ ಹಳೆಯ ರಿಜಿಸ್ಟರ್ ತಂದು, ಧೂಳು ಒರೆಸಿ ಪುಟ ತೆರೆದ. ಸಾಹೇಬರು ಬಗ್ಗಿ ನೋಡಿದರು. ಅಲ್ಲಿದ್ದದ್ದು ಅವರದೇ ಸಹಿ.

ಹನ್ನೆರಡು ವರ್ಷದ ಹಿಂದೆ ಅವರಿಗೆ ಅಬುಧಾಬಿಯಲ್ಲಿ ಕೆಲಸವಿತ್ತು. ಆಗ ಸದಸ್ಯರಾದದ್ದು ಮರೆತೇಹೋಗಿತ್ತು.

"ಸಾರ್, ನೀವು ಕೊಂಡುಹೋದ ಒಂದು ಪುಸ್ತಕ ವಾಪಸ್ ಬರ್ಲಿಲ್ಲ" ಎಂದ ಗುಮಾಸ್ತ.

"ಯಾವುದು?"

"ಇಂಗ್ಲೆಂಡಿನ ಮನೆಹೆಸರುಗಳ ಬಗ್ಗೆ ಉಂಟಲ್ಲ, ಅದು."

ಆ ಪುಸ್ತಕ ಆಫೀಸಿನಲ್ಲಿ ಅವರ ಮೇಜಿನ ಮೇಲಿತ್ತು. ಅಷ್ಟೂ ವರ್ಷ ಅವರು ನೆಂಟರನ್ನು ಹುಡುಕಿದ್ದು ಅದರಲ್ಲೇ.

ಕೇಕನ್ನು ಗುಮಾಸ್ತನಿಗೆ ಕೊಟ್ಟು ಬಂದೆವು.

೪. ಪೆಟ್ರೋಲ್ ಬಂಕಿನ ತೀರ್ಪು

ವಾಪಸ್ ಬರುವಾಗ ಸಾಹೇಬರು ಅರ್ಧ ದಾರಿಯಲ್ಲಿ ಒಂದು ಪೆಟ್ರೋಲ್ ಬಂಕಿನಲ್ಲಿ ಕಾರು ನಿಲ್ಲಿಸಿದರು. ನಾನು ಎರಡು ಕರಕ್, ಅಂದರೆ ಹಾಲು ಹಾಕಿ ಕುದಿಸಿದ ಗಟ್ಟಿ ಚಹಾ, ತಂದೆ.

"ನನ್ನೊಂದಿಗೆ ಈ ಮನೆತನ ಮುಗಿಯಿತು" ಎಂದರು.

"ಒಡಹುಟ್ಟಿದವರು?"

"ತಂಗಿ ಒಬ್ಬಳು. ಮಾತು ಬಿಟ್ಟು ವರ್ಷಗಳಾದವು, ಯಾಕೆಂದು ಇಬ್ಬರಿಗೂ ನೆನಪಿಲ್ಲ. ಅವಳಿಗೆ ಮೂರು ಗಂಡುಮಕ್ಕಳು."

ನನ್ನ ಚಹಾ ಚೆಲ್ಲಿತು. "ಮೂವರು ಅಳಿಯಂದಿರನ್ನು ಇಟ್ಟುಕೊಂಡು ಮನೆತನ ಮುಗಿಯಿತು ಅನ್ನುತ್ತೀರಾ? ನಮ್ಮ ತುಳುನಾಡಿನಲ್ಲಿ ವಂಶ ನಡೆಯುವುದು ಹೆಣ್ಣಿನಿಂದ. ತಂಗಿಯ ಮಕ್ಕಳೇ ನಿಮ್ಮ ಕುಟುಂಬ, ನೀವು ಅವರಿಗೆ ಯಜಮಾನ."

"ಆದರೆ ಅವರಿಗೆ ಇರುವುದು ಅವರಪ್ಪನ ಹೆಸರು."

"ಅದು ನಿಮ್ಮ ಅಜ್ಜಂದಿರು ಮಾಡಿದ ತಪ್ಪು. ನಾನೇನು ಮಾಡಲಿ?"

ಅವರು ನನ್ನನ್ನೇ ನೋಡಿದರು. "ಮತ್ತೆ ನಿಮ್ಮ ಕುಮೇರಿ ಮನೆ?"

ಯಾರೂ ಕೇಳದ ಪ್ರಶ್ನೆ ಅದು. ನಾಲ್ಕು ಜನ ಗಂಡುಮಕ್ಕಳ ನಡುವೆ ನಾನೊಬ್ಬಳೇ ಹೆಣ್ಣು, ಮದುವೆಯಾಗಲಿಲ್ಲ. ಅಣ್ಣತಮ್ಮಂದಿರ ಒಂಬತ್ತು ಮಕ್ಕಳು ಅವರವರ ತಾಯಂದಿರ ಕುಟುಂಬಕ್ಕೆ ಸೇರಿದವರು. ಮದುವೆಮನೆಗಳಲ್ಲಿ ಹೆಂಗಸರು ಮಕ್ಕಳನ್ನು ಅವರವರ ಕುಟುಂಬದ ಹೆಸರು ಹೇಳಿ ಗುರುತಿಸುವಾಗ ನಾನು ನಗುತ್ತಾ ನಿಲ್ಲುತ್ತಿದ್ದೆ. "ಅಣ್ಣತಮ್ಮಂದಿರ ಒಂಬತ್ತು ಮಕ್ಕಳೂ ಲೆಕ್ಕಕ್ಕೆ ಬರುವುದಿಲ್ಲ, ಕುಮೇರಿ ನನ್ನೊಂದಿಗೆ ಮುಗಿಯುತ್ತದೆ" ಎಂದೆ.

"ಒಂಬತ್ತು ಮಕ್ಕಳು!" ಎಂದು ಸಾಹೇಬರು ಕೂಗಿದರು. "ನಮ್ಮ ಲೆಕ್ಕದಲ್ಲಿ ನಿಮ್ಮ ಮನೆಯಲ್ಲಿ ಕೂರಲು ಜಾಗವಿಲ್ಲ!"

ಇಬ್ಬರೂ ಎಷ್ಟು ವರ್ಷ ತಪ್ಪು ದೇಶದ ಕಾನೂನು ಹಿಡಿದುಕೊಂಡು ಅತ್ತಿದ್ದೆವು.

೫. ಯಜಮಾನಿಕೆ

ಸಾಹೇಬರು ಅಲ್ಲೇ ತಂಗಿಗೆ ಫೋನ್ ಮಾಡಿದರು. ನಾನು ಕಾರಿನಿಂದ ಇಳಿದು ದೂರ ನಿಂತೆ. ಲಾರಿಗಳು ಹೋಗುತ್ತಿದ್ದವು. ಒಳಗಿಂದ ಅವರ ನಗು ಕೇಳಿತು, ಅಷ್ಟು ದಿನದಲ್ಲಿ ಮೊದಲ ಸಲ. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ. ಅವರ ಲೆಕ್ಕದಲ್ಲಿ ನನಗೆ ಒಂಬತ್ತು ಮಕ್ಕಳಿದ್ದರು, ಆದರೆ ಆ ಶುಕ್ರವಾರ ನನ್ನ ಫೋನ್ ಬೆಳಗಿನಿಂದ ಹೊಡೆದುಕೊಂಡಿರಲಿಲ್ಲ.

ಸ್ವಲ್ಪ ಹೊತ್ತಿಗೆ ಸಾಹೇಬರು ಕಿಟಕಿಯಿಂದ ಫೋನ್ ಚಾಚಿದರು. "ನಾನು ಹೇಳಿದರೆ ನಂಬುವುದಿಲ್ಲ. ನಿಮ್ಮ ಕಾನೂನು ನೀವೇ ಹೇಳಿ."

ಆ ಕಡೆಯಿಂದ ಹೆಂಗಸಿನ ಖಡಕ್ ದನಿ. "ನಿಮ್ಮ ಪದ್ಧತಿಯಲ್ಲಿ ನನ್ನ ಮಕ್ಕಳು ನನ್ನ ಅಣ್ಣನ ಜವಾಬ್ದಾರಿಯಂತೆ, ನಿಜವೇ?"

"ನಿಜ ಅಮ್ಮಾ. ಸೋದರಮಾವನೇ ಯಜಮಾನ."

"ಮೂವರಿಗೂ?"

"ಮೂವರಿಗೂ."

ಆ ಕಡೆ ಉಸಿರು ಎಳೆದುಕೊಂಡ ಸದ್ದು. ಅಳುತ್ತಿದ್ದಾಳೆಂದೇ ಭಾವಿಸಿ ನನ್ನ ಕಣ್ಣೂ ತುಂಬಿತು. ಆಮೇಲೆ ಅವಳು ಹೇಳಿದಳು:

"ಹಾಗಾದರೆ ದೊಡ್ಡವನನ್ನು ನಾಳೆಯೇ ವಿಮಾನ ಹತ್ತಿಸುತ್ತೇನೆ. ಮೂವತ್ತೊಂದು ತುಂಬಿತು, ಇನ್ನೂ ನನ್ನ ಸೋಫಾದ ಮೇಲೇ ಮಲಗಿದ್ದಾನೆ. ದಯವಿಟ್ಟು ವಾಪಸ್ ಕಳಿಸಬೇಡಿ."

ಇದನ್ನು ಸಾಹೇಬರಿಗೆ ಹೇಗೆ ಹೇಳುವುದೆಂದು ತಿರುಗಿ ನೋಡಿದೆ. ಅವರಿಗೆ ಕೇಳಿಸಿತ್ತು. ಆಗಲೇ ಕಾರಿನ ಹಿಂದಿನ ಬಾಗಿಲು ತೆರೆದು, ಸೀಟಿನ ಮೇಲೆ ವರ್ಷಗಳಿಂದ ಬಿದ್ದಿದ್ದ ಫೈಲುಗಳನ್ನೆಲ್ಲ ಎತ್ತಿ ಡಿಕ್ಕಿಗೆ ತುಂಬುತ್ತಿದ್ದರು.